ಆ ತಿರುವಿನಲ್ಲಿ ಉಳಿದುಹೋದವರು

"ಮಾಸ್ಕ್ ತೆಗೀರಿ ಡಾಕ್ಟ್ರೇ... ಒಂದ್ಸಲ ನಿಮ್ಮ ಮುಖ ನೋಡ್ಬೇಕು."

ಆಪರೇಷನ್ ಟೇಬಲ್ ಮೇಲೆ ಮಲಗಿದ್ದವನ ದನಿ ಕೇಳಿ ಅವಳು ಬೆಚ್ಚಿ ತಿರುಗಿದಳು. ರಜೆ ಹಾಕಿದ ಸಹೋದ್ಯೋಗಿಯ ಬದಲಿಗೆ ಕೊನೇ ಗಳಿಗೆಯಲ್ಲಿ ಬಂದಿದ್ದಳು. ಫೈಲು ಕೈಗೆತ್ತಿಕೊಳ್ಳುವಷ್ಟರಲ್ಲೇ ಈ ದನಿ!

ಮಾಸ್ಕ್ ಕೆಳಗೆಳೆದಳು.

"ನೀವೇನಾ..."

"ಹೂಂ, ನಾನೇ. ನಿಮ್ಮ ಕಾರಿಗೆ ಗುದ್ದಿದವಳು." ಅವಳು ಫೈಲು ಮುಚ್ಚಿದಳು. "ಬೇರೆ ಡಾಕ್ಟರನ್ನ ಕರೆಸ್ತೀನಿ. ನನ್ನ ಕೈಗೆ ನಿಮ್ಮ ಪ್ರಾಣ ಕೊಡೋದು ಬೇಡ."

ಅವನು ತಲೆಯಾಡಿಸಿದ.

"ಬೇಡ. ನೀವೇ ಇರಿ. ನನ್ನ ಪೇಷೆಂಟ್‌ಗಳಿಗಾದ್ರೆ ಡಾಕ್ಟರ್ ಇಷ್ಟ ಆಗದಿದ್ರೆ ಒದೆಯೋ ಸೌಕರ್ಯ ಇದೆ. ನಂಗೆ ಒದೆಯೋಕೆ ಕಾಲೇ ಏಳಲ್ವಲ್ಲ!"

ನಕ್ಕುಬಿಟ್ಟ. ಅವಳಿಗೆ ಆ ನಗು ಚುಚ್ಚಿತು. ಇದು ಕ್ಷಮೆಯೋ, ಶಿಕ್ಷೆಯೋ...

ಅವನು ಪಶುವೈದ್ಯ. ವಾರವೆಲ್ಲ ಹಸು, ಕುದುರೆ, ನಾಯಿಗಳ ಸಹವಾಸ. ಭಾನುವಾರ ಮಾತ್ರ ಹೆಲ್ಮೆಟ್ ತೊಟ್ಟು ಬಿಳಿ ಕಾರಿನಲ್ಲಿ ರೇಸಿಗಿಳಿಯುತ್ತಿದ್ದ.

ಅವಳು ಅರಿವಳಿಕೆಯ ಡಾಕ್ಟರು. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ 'ನಿದ್ರಾದೇವಿ'. ಅವಳ ಕೆಲಸದಲ್ಲಿ ಗೆಲುವೆಂದರೆ ಏನೂ ಆಗದಿರುವುದು. ಹಾಗಾಗಿಯೋ ಏನೋ, ಭಾನುವಾರ ತನ್ನ ಹಳೇ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿದಾಗಲೇ ತಾನು ಬದುಕಿದ್ದೇನೆ ಎನಿಸುತ್ತಿತ್ತು.

ಟ್ರ್ಯಾಕಿನಲ್ಲಿ ಇಬ್ಬರಿಗೂ ಪೈಪೋಟಿ, ಹೊರಗೆ ಹುಸಿಜಗಳ. ಅವನು ಎದುರಿಗೆ ಬಂದರೆ ಅವಳ ಎದೆಬಡಿತ ಹದ ತಪ್ಪುತ್ತಿತ್ತು. ಆದರೆ ಬಾಯಿಬಿಟ್ಟು ಯಾರೂ ಏನೂ ಹೇಳಿರಲಿಲ್ಲ.

ಹೋದ ವರ್ಷದ ಕೊನೇ ರೇಸು. ಕಡಿದಾದ ತಿರುವು. ಮುಂದಿದ್ದ ಯಾವುದೋ ಕಾರಿನಿಂದ ಎಣ್ಣೆ ಸೋರಿತ್ತು. ಬ್ರೇಕ್ ಒತ್ತಿದರೂ ಅವಳ ಕಾರು ನಿಲ್ಲಲಿಲ್ಲ... ಅವನ ಕಾರಿಗೆ ಗುದ್ದಿತು! ಬಿಳಿ ಕಾರು ಹೋಗಿ ಗೋಡೆಗೆ ಅಪ್ಪಳಿಸಿತು, ಕೆಂಪು ಕಾರಿಗೆ ಬೆಂಕಿ ಹತ್ತಿತು. ಅವಳನ್ನು ಹೊರಗೆಳೆದರು. ಅವನ ಕಾಲು ನುಚ್ಚುನೂರಾಗಿತ್ತು.

ಯಾರ ತಪ್ಪೂ ಅಲ್ಲ ಎಂದರು ರೇಸ್ ನಡೆಸಿದವರು. ಅವಳ ಮನಸ್ಸು ಒಪ್ಪಬೇಕಲ್ಲ!

ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಅವನನ್ನು ನೋಡಲು ಓಡಿದ್ದಳು. ವಾರ್ಡಿನ ಬಾಗಿಲಲ್ಲಿ ಅವನ ಅಕ್ಕ ಅಡ್ಡ ನಿಂತಿದ್ದರು. "ನಿನ್ನ ಮುಖ ನೋಡೋಕೂ ಅವನಿಗೆ ಇಷ್ಟ ಇಲ್ಲ. ಹೋಗು."

ಅಂದಿನಿಂದ ಸುಟ್ಟ ರಬ್ಬರಿನ ವಾಸನೆ ಬೆನ್ನು ಬಿಟ್ಟಿರಲಿಲ್ಲ. ಒಗೆದ ದಿಂಬಿನಲ್ಲೂ ಅದೇ. ತಲೆ ಬಾಚಲು ಕನ್ನಡಿ ಮುಂದೆ ನಿಂತರೆ ಹೆಗಲ ಹಿಂದೆ ಬಿಳಿ ಕಾರು ಸರಿದಂತಾಗುತ್ತಿತ್ತು. ಫೋನ್ ನಂಬರ್ ಬದಲಾಯಿಸಿದಳು, ಸ್ನೇಹಿತರನ್ನು ಬಿಟ್ಟಳು. ಸ್ಟೇರಿಂಗ್ ಮುಟ್ಟದೆ ಬಸ್ಸಿನಲ್ಲೇ ಓಡಾಡಿದಳು.

ಇವತ್ತು ಅವನ ಕಾಲಿನ ಮೂಳೆ ಕೂಡಿಸಲು ಹಾಕಿದ್ದ ರಾಡ್ ತೆಗೆಯುವ ಆಪರೇಷನ್. ಅದು ಮುಗಿಯುವವರೆಗೂ ಅವಳು ಅವನ ತಲೆಯ ಬಳಿಯಿಂದ ಅಲುಗಲಿಲ್ಲ. ಅವನ ಪ್ರತಿ ಉಸಿರನ್ನೂ ಕಾದಳು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಮಂಪರಿನಲ್ಲೇ ಅವನ ತುಟಿ ಅಲುಗಿತು.

"ಬಂದ್ಲಾ...? ಹೊರಗೆ ಬಂದ್ಲಾ ಅವಳು?"

ಅವಳು ಬಗ್ಗಿದಳು. "ಯಾರು?"

"ಕೆಂಪು ಕಾರಿನವಳು... ಬೆಂಕಿ... ಬಾಗಿಲು ತೆಗೀರೋ! ಯಾರಾದ್ರೂ ತೆಗೀರೋ!"

ದೇವರೇ... ಇವನೂ ಇನ್ನೂ ಆ ತಿರುವಿನಲ್ಲೇ ಇದ್ದಾನಾ?

ಕಣ್ಣು ಮಂಜಾಯಿತು. ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು, "ಬಂದ್ಲು. ಇಲ್ಲೇ ಇದಾಳೆ."

ಅವನ ಉಸಿರು ಹದಕ್ಕೆ ಬಂತು.

ಸಂಜೆ ವಾರ್ಡಿಗೆ ಹೋದಾಗ ಬಾಗಿಲಲ್ಲಿ ಅದೇ ಅಕ್ಕ. ಈ ಸಲ ಅವಳು ಹಿಂದೆ ಸರಿಯಲಿಲ್ಲ.

"ಅಕ್ಕಾ, ನಿಜ ಹೇಳಿ. ಅವತ್ತು ಅವರೇ ಬೇಡ ಅಂದಿದ್ರಾ?"

ಅಕ್ಕನ ಮುಖ ಬಾಡಿತು. "ಅವನಿಗೆ ಪ್ರಜ್ಞೆನೇ ಇರ್ಲಿಲ್ಲ ಕಣಮ್ಮ. ಕಾಲು ಉಳಿಯಲ್ಲ ಅಂದಿದ್ರು. ಯಾರ ಮೇಲಾದ್ರೂ ಸಿಟ್ಟು ತೀರಿಸ್ಕೋಬೇಕಿತ್ತು ನಂಗೆ. ಆಮೇಲೆ ಅವನಿಗೆ ಹೇಳೋ ಧೈರ್ಯ ಬರ್ಲಿಲ್ಲ..."

"ಅಕ್ಕಾ!" ಒಳಗಿನಿಂದ ಕೂಗು. "ಅವತ್ತು ಅವ್ರು ಬಂದಿದ್ರಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕಾರಿಡಾರಿನ ಕಡೆ ನಡೆದುಬಿಟ್ಟರು. ಅವಳು ಹಾಸಿಗೆಯ ಪಕ್ಕ ಹೋಗಿ ನಿಂತಳು.

"ಫೋನ್ ಮಾಡ್ದೆ, ಆ ನಂಬರ್ ಚಾಲ್ತೀಲಿ ಇರ್ಲಿಲ್ಲ. ನಿಮಗೆ ನಾನು ಬೇಡವಾದೆ ಅಂದ್ಕೊಂಡೆ," ಎಂದ. "ದಿನಾ ಅದೇ ಕನಸು. ಕಾರು ಉರೀತಿರುತ್ತೆ, ನೀವು ಹೊರಗೆ ಬರಲ್ಲ. ಎದ್ದ ಮೇಲೆ ನೀವು ಬದುಕಿದೀರಿ ಅಂತ ಗೊತ್ತಾಗುತ್ತೆ. ಆದ್ರೆ ನಿದ್ದೇಲಿ ಗೊತ್ತಾಗಲ್ಲ."

 ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತು ಬಿಕ್ಕಿದಳು. ಬಿಕ್ಕುತ್ತಲೇ ಸುಟ್ಟ ರಬ್ಬರಿನ ವಾಸನೆ, ಕನ್ನಡಿಯ ಬಿಳಿ ಕಾರು, ಎಲ್ಲವನ್ನೂ ಹೇಳಿಕೊಂಡಳು.

ಅವನು ಊರುಗೋಲು ಹಿಡಿದು ಓಡಾಡುವಂತಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಖಾಲಿ ಟ್ರ್ಯಾಕಿಗೆ ಹೋದರು. ಬಾಡಿಗೆ ಕಾರಿನ ಸ್ಟೇರಿಂಗ್ ಹಿಂದೆ ಅವಳು, ಪಕ್ಕದಲ್ಲಿ ಅವನು. ತಿರುವು ಹತ್ತಿರವಾದಂತೆ ವಾಸನೆ ಮೂಗಿಗೆ ಅಡರಿತು. ಕನ್ನಡಿಯಲ್ಲಿ... ಬಿಳಿ ಕಾರು!

"ಹಿಂದೆ ಇದೆ! ನಂಗೆ ಕಾಣ್ತಿದೆ! ಆಗಲ್ಲ ನನ್ನ ಕೈಲಿ!"

"ನಾನು ಹಿಂದೆ ಇಲ್ಲ, ಪಕ್ಕದಲ್ಲಿದೀನಿ. ರಸ್ತೆ ನೋಡಿ." ಗೇರಿನ ಮೇಲಿದ್ದ ಅವಳ ಕೈ ಮೇಲೆ ಅವನ ಕೈ ಬಂತು. "ಅಂದ ಹಾಗೆ, ಈ ಸ್ಪೀಡಿಗೆ ನನ್ನ ಗಬ್ಬದ ಹಸುನೂ ಓವರ್‌ಟೇಕ್ ಮಾಡುತ್ತೆ!"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ನಗುತ್ತಲೇ ತಿರುಗಿಸಿದಳು. ತಿರುವು ಹಿಂದೆ ಸರಿಯಿತು.

ಅವಳು ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು.

"ಹೋಯ್ತಾ, ಆ ವಾಸನೆ?"

"ಇಲ್ಲ... ಇನ್ನೂ ಇದೆ."

"ನಂಗೂ ಕನಸು ನಿಂತಿಲ್ಲ. ಪೂರ್ತಿ ನಿಲ್ಲುತ್ತೋ ಇಲ್ವೋ." ಅವನು ಅವಳತ್ತ ತಿರುಗಿದ. ಇಷ್ಟು ದಿನದ 'ನೀವು' ತಾನಾಗಿ ಜಾರಿಹೋಯಿತು. "ನೀನಂದ್ರೆ ನಂಗೆ ಪ್ರಾಣ. ಬೆಚ್ಚಿ ಎದ್ದಾಗ ಪಕ್ಕದಲ್ಲಿ ನೀನಿರ್ಬೇಕು. ಇರ್ತೀಯಾ? ಜೀವನಪೂರ್ತಿ?"

ಅವಳು ಕಣ್ಣೊರೆಸಿಕೊಂಡಳು.

"ಗೊರಕೆ ಹೊಡೀತೀರಾ?"

"ತುಂಬಾ!"

ಅವಳು ಅವನ ಹೆಗಲಿಗೆ ತಲೆ ಆನಿಸಿದಳು.

"ಒಳ್ಳೇದಾಯ್ತು ಬಿಡಿ... ಕತ್ತಲಲ್ಲೂ ನೀವು ಉಸಿರಾಡ್ತಿರೋದು ನಂಗೆ ಕೇಳಿಸ್ತಿರುತ್ತೆ."