ಒಂದು ದಿನದ ಸಂಬಳ

ಭಾನುವಾರ ಬೆಳಗಿನ ಆರು ಗಂಟೆಗೆ ಭದ್ರಮ್ಮ ಬಾಗಿಲು ತಳ್ಳಿ ಒಳಗೆ ಬಂದಾಗ ಮಗಳು ಅಂಜಿನಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದರೆ ಏಳಲಿಲ್ಲ. ಮುಟ್ಟಿದರೆ ಮೈ ತಣ್ಣಗಿತ್ತು. ತಲೆದೆಸೆಯಲ್ಲಿ ನಿದ್ದೆ ಮಾತ್ರೆಯ ಸೀಸೆ ಇತ್ತು. ಹಿಂದಿನ ದಿನವಷ್ಟೇ ಮನೆಗೆ ಬಂದದ್ದು. ಈಗ ಅದು ಖಾಲಿಯಾಗಿತ್ತು.

ಏಳು ಗಂಟೆಗೆಲ್ಲ ಇನ್‌ಸ್ಪೆಕ್ಟರ್ ಹನುಮಂತರಾಯಪ್ಪ ಅಲ್ಲಿದ್ದ. ಅವನು ಪೀಣ್ಯದ ಪಕ್ಕದ ನಾಗಸಂದ್ರದವನೇ. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಲೇತ್ ಶೆಡ್ಡು ಕೂತಿತ್ತು. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಅಂಜಿನಮ್ಮನನ್ನು ಪೀಣ್ಯದಲ್ಲಿ ಗುರುತಿಸದವರಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಅವಳ ಕೈಗಳನ್ನು ಗುರುತಿಸದವರಿರಲಿಲ್ಲ. ಎರಡು ವರ್ಷದ ಹಿಂದೆ ಪೇಂಟ್ ಕಾರ್ಖಾನೆಯ ಬೆಂಕಿಯಲ್ಲಿ ಎರಡೂ ಕೈ ಬೆಂದು, ಬೆರಳುಗಳು ಒಂದಕ್ಕೊಂದು ಅಂಟಿ ಹೋಗಿದ್ದವು. ಸುಟ್ಟ ಗಾಯಕ್ಕೆಂದೇ ಒಂದು ಆಸ್ಪತ್ರೆ ಕಟ್ಟಲು ಹೊರಟ ಜೀವಾಸರೆ ಟ್ರಸ್ಟ್ ಆ ಕೈಗಳ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಪ್ರತಿ ಬಸ್ ಸ್ಟಾಪಿನಲ್ಲೂ ಅಂಟಿಸಿತ್ತು. ಪೊಲೀಸ್ ಠಾಣೆಯ ಗೋಡೆಯ ಮೇಲೂ ಒಂದಿತ್ತು. ತಾಯಿ ಮಗಳಿಗೆ ಟ್ರಸ್ಟ್ ಆಫೀಸಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಬದಲಿಗೆ ಅಂಜಿನಮ್ಮ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ, ವೇದಿಕೆ ಹತ್ತಿ, ಕೈ ಎತ್ತಿ ತೋರಿಸಬೇಕಿತ್ತು.

"ಬೇಜಾರಾಗಿ ನುಂಗ್ಬಿಟ್ಟಿದ್ದಾಳೆ ಸಾರ್. ಪಾಪ," ಎಂದ ಕಾನ್‌ಸ್ಟೇಬಲ್ ನಂಜಪ್ಪ.

ಭದ್ರಮ್ಮ ಅಳುತ್ತಿರಲಿಲ್ಲ. ಇನ್‌ಸ್ಪೆಕ್ಟರನ ಮುಂದೆ ಬಂದು ನಿಂತಳು.

"ಅಂಗೆ ಬರೀಬ್ಯಾಡಿ ಸ್ವಾಮಿ. ನನ್ ಮಗ್ಳು ಸಾಯಾಕೆ ಒಂಟಿರ್ಲಿಲ್ಲ. ನಾಳೀಕೆ ಸೋಮವಾರ ಆಪ್ರೇಸನ್ನು. ಡಾಕ್ಟ್ರು ಬೆರಳು ಬಿಡಿಸ್ಕೊಡ್ತೀನಿ ಅಂದವ್ರೆ, ದುಡ್ಡೂ ಬ್ಯಾಡ ಅಂದವ್ರೆ. ಇನ್ಮೇಲೆ ನನ್ ಜಡೆ ನಾನೇ ಎಣ್ಕೊತೀನಿ ಕಣವ್ವ ಅಂತ ನಿನ್ನೇನೂ ಏಳಿದ್ಲು."

"ನಿನ್ನೆ ಸಂಜೆ ನೀವೆಲ್ಲಿದ್ರಿ?"

"ಮಾದೇವಪುರದಾಗೆ. ಕಾರ್ಖಾನೆ ಜನದ ಮುಂದೆ ತಾಯಿ ಮಾತಾಡ್ಲಿ ಅಂತ ವ್ಯಾನ್‌ನಾಗೆ ಕಳ್ಸಿದ್ರು. ಒತ್ತಾಯ್ತು ಅಂತ ಅಲ್ಲೇ ಮಲಗಿಸಿ ಈಗ ಬಿಟ್ರು."

"ಕಳಿಸಿದ್ದು ಯಾರು?"

"ಪ್ಲಾನಿಂಗ್ ಸಾಹೇಬ್ರು."

ಹನುಮಂತರಾಯಪ್ಪ ಸೀಸೆಯನ್ನು ಕರವಸ್ತ್ರದಲ್ಲಿ ಎತ್ತಿಕೊಂಡ. ಮುಚ್ಚಳ ಬಿಗಿಯಾಗಿ ತಿರುಗಿಸಿತ್ತು.

* * *

ಅವನಿಗೆ ಒಂದು ಚಾಳಿ. ಕಂಡದ್ದನ್ನು ತಾನೇ ಮಾಡಿ ನೋಡಬೇಕು. ಠಾಣೆಗೆ ಹೋದವನು ಅಂಥದ್ದೇ ಒಂದು ಸೀಸೆ ತರಿಸಿ, ತನ್ನ ಎರಡೂ ಕೈಗಳ ಬೆರಳುಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಸಿಕೊಂಡು ಕೂತ. ನಂಜಪ್ಪ ಬೇರೆ ಕಡೆ ತಿರುಗಿ ನಕ್ಕ.

ಕೈಯಿಂದ ಮುಚ್ಚಳ ಅಲ್ಲಾಡಲಿಲ್ಲ. ಹಲ್ಲಿನಿಂದ ಕಚ್ಚಿ ತಿರುಗಿಸಿದ. ತುಟಿ ಕೊಯ್ದುಕೊಂಡಿತು, ಆದರೆ ಬಿಚ್ಚಿತು.

"ನೋಡಿ ಸಾರ್, ಆಗುತ್ತೆ," ಎಂದ ನಂಜಪ್ಪ.

"ಬಿಚ್ಚೋಕಾಗುತ್ತೆ. ಈಗ ಮುಚ್ತೀನಿ ನೋಡು."

ಹತ್ತು ನಿಮಿಷ ಒದ್ದಾಡಿದ. ಮುಚ್ಚಳ ಮೂರು ಸಲ ಮೇಜಿನ ಕೆಳಗೆ ಉರುಳಿತು. ಕೊನೆಗೆ ಕೈ ಬಿಚ್ಚಿಸಿಕೊಂಡ.

"ಮುಚ್ಚಿದ್ದು ಬೇರೆಯವರು ಕಣಯ್ಯ. ಇಷ್ಟಕ್ಕೂ, ಸಾಯೋಕೆ ಅಂತ ಮಾತ್ರೆ ನುಂಗಿದವಳಿಗೆ ಮುಚ್ಚಳ ಬಿಗಿ ಮಾಡೋ ಗೊಡವೆ ಯಾಕೆ?"

ಫೋನು ಬಂತು. ಮೇಲಿನ ಸಾಹೇಬರು. ಆತ್ಮಹತ್ಯೆ ಎಂದು ಬರೆದು ಮುಗಿಸಿ, ಸಂಜೆಯ ಶವದ ಮೆರವಣಿಗೆಗೆ ಬಂದೋಬಸ್ತು ನೋಡಿಕೊಳ್ಳಬೇಕಂತೆ. ಹನುಮಂತರಾಯಪ್ಪ "ಆಗಲಿ ಸಾರ್" ಎಂದ, ಬರೆಯಲಿಲ್ಲ; ಹೆಣವನ್ನು ಶವಪರೀಕ್ಷೆಗೆ ಕಳಿಸಿದ.

* * *

ಮೊದಲು ಸಿಕ್ಕಿದವನು ಅಂಜಿನಮ್ಮನ ಗಂಡ ಬೈರಪ್ಪ. ಕೈ ಸುಟ್ಟ ವಾರಕ್ಕೇ ಹೆಂಡತಿಯನ್ನು ಬಿಟ್ಟುಹೋದ ಮಹಾನುಭಾವ. ಪರಿಹಾರದ ಹಣ ಬರುತ್ತದೆಂದು ಗೊತ್ತಾದ ಮೇಲೆ ಮತ್ತೆ ಪ್ರೀತಿ ಹುಟ್ಟಿತ್ತು. ಶನಿವಾರ ಸಂಜೆ ಅವನು ಆ ಕೋಣೆಯ ಹತ್ತಿರ ಸುಳಿದದ್ದನ್ನು ಬೀಡಿ ಅಂಗಡಿಯವನು ನೋಡಿದ್ದ. ಸಾರಾಯಿ ಅಂಗಡಿಯಿಂದ ಎಳೆದು ತಂದರು.

"ಓಗಿದ್ದೆ ಸ್ವಾಮಿ, ಸುಳ್ಳೇಳಲ್ಲ. ಆರೂವರೆ. ಕಾಗದದ ಮ್ಯಾಲೆ ಎಬ್ಬೆಟ್ಟು ಒತ್ತು ಅಂದೆ. ನಕ್ಕಳು. ನನ್ ಬೆಟ್ಟಿಗೆ ಗೆರೇನೇ ಇಲ್ಲ, ಎಂಗೆ ಒತ್ಲಿ ಅಂದ್ಲು. ಆಚೀಕೆ ಓಗು ಅಂದ್ಲು. ಬಂದ್ಬಿಟ್ಟೆ."

"ಅಲ್ಲಿ ಇನ್ಯಾರಿದ್ರು?"

"ಪ್ಲಾನಿಂಗ್ ಸಾಹೇಬ್ರು. ಮುಂದಿನ ರೂಮ್ನಾಗೆ ಸ್ಟೌ ಅಚ್ಚಿ ಆಲು ಕಾಯಿಸ್ತಿದ್ರು."

ಕುಡುಕನ ಮಾತು. ಆದರೂ ಹನುಮಂತರಾಯಪ್ಪ ಗುರುತು ಹಾಕಿಕೊಂಡ. ಬೈರಪ್ಪನನ್ನು ಲಾಕಪ್ಪಿನಲ್ಲಿ ಕೂರಿಸಿ ಟ್ರಸ್ಟ್ ಆಫೀಸಿಗೆ ಹೊರಟ.

* * *

ಎಲ್ಲರೂ ಪ್ಲಾನಿಂಗ್ ಸಾಹೇಬರು ಎಂದು ಕರೆಯುತ್ತಿದ್ದ ರಾಮಪ್ರಸಾದ ಸರ್ಕಾರಿ ಕಾರ್ಖಾನೆಯೊಂದರ ಪ್ಲಾನಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸಂಬಳವಿಲ್ಲದೆ ಟ್ರಸ್ಟಿನ ಕೆಲಸ ಮಾಡುತ್ತಿದ್ದರು. ಗೋಡೆ ತುಂಬ ಅವರೇ ಗೆರೆ ಎಳೆದ ಚಾರ್ಟು. ತಿಂಗಳಿಗೆ ಇಷ್ಟು ಯಂತ್ರ ಎಂದು ಗುರಿ ಹಾಕುತ್ತಿದ್ದವರು ಈಗ ದಾನಕ್ಕೆ ಗುರಿ ಹಾಕುತ್ತಿದ್ದರು.

"ಒಟ್ಟು ಟಾರ್ಗೆಟ್ ಇಪ್ಪತ್ತೈದು ಲಕ್ಷ," ಎಂದು ಕಡ್ಡಿಯಿಂದ ತೋರಿಸಿದರು. "ಮೇಲ್ಗಡೆ ಒಬ್ಬರು, ಐದು ಲಕ್ಷ. ಅವರ ಕೆಳಗೆ ಇಬ್ಬರು, ಎರಡೂವರೆ ಎರಡೂವರೆ. ಆಮೇಲೆ ಹತ್ತು ಜನ, ಐವತ್ತೈವತ್ತು ಸಾವಿರ. ಅಲ್ಲಿಗೆ ಹದಿನೈದಾಯ್ತು. ದೊಡ್ಡವರು ಮೊದಲು ಬರೆದರೇನೇ ಚಿಕ್ಕವರ ಕೈ ಏಳೋದು. ಪಟ್ಟಿ ಹಿಡಿದು ಹೋದ ಕೂಡಲೇ ಎಲ್ಲರೂ ಕೇಳೋದು ಒಂದೇ, ನಮಗಿಂತ ಮೇಲೆ ಯಾರಿದ್ದಾರೆ ಅಂತ."

"ಇನ್ನು ಹತ್ತು ಲಕ್ಷ?"

"ಕಾರ್ಮಿಕರು. ನಲವತ್ತು ಸಾವಿರ ಜನ. ಸರಾಸರಿ ಇಪ್ಪತ್ತೈದು ರೂಪಾಯಿ ದಿನಗೂಲಿ. ಒಂದು ದಿನದ ಸಂಬಳ ಕೊಟ್ಟರೆ ಸರಿಯಾಗಿ ಹತ್ತು ಲಕ್ಷ. ಆದರೆ ಶುಕ್ರವಾರ ಯೂನಿಯನ್‌ನವರು ಅರ್ಧ ದಿನದ್ದು ಮಾತ್ರ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು."

"ಐದು ಲಕ್ಷ ಖೋತಾ."

"ಹತ್ತು ಲಕ್ಷ. ಮೇಲಿನ ಐದು ಲಕ್ಷ ವೆಂಕಟೇಶಪ್ಪನವರದು. ಉಳಿದ ಇಪ್ಪತ್ತು ಜೂನ್ ಹತ್ತರೊಳಗೆ ಕೂಡಿದರೆ ಮಾತ್ರ ಕೊಡ್ತೀನಿ ಅಂದಿದ್ದಾರೆ."

ವೆಂಕಟೇಶಪ್ಪ ನೆಲ ಮಾರಿ ದೊಡ್ಡವನಾದ ಊರಿನ ಗೌಡ. ಅವನ ಮಾತೆಂದರೆ ಅಷ್ಟೇ, ಹಿಂದಕ್ಕೆ ಬರುವುದಲ್ಲ.

"ನಿನ್ನೆ ಎಷ್ಟು ಹೊತ್ತಿಗೆ ಮನೆಗೆ ಹೋದ್ರಿ ಸಾರ್?"

"ಐದಕ್ಕೆ. ಭದ್ರಮ್ಮನ ವ್ಯಾನ್ ಹೊರಟ ತಕ್ಷಣ."

"ಮಾತ್ರೆ ತಂದುಕೊಟ್ಟಿದ್ದು?"

"ನಾನೇ. ಯಾವಾಗಲೂ ನಾನೇ ತರೋದು."

ಹೇಳಿದ್ದನ್ನೆಲ್ಲ ಬರೆದುಕೊಡಿ ಎಂದ ಇನ್‌ಸ್ಪೆಕ್ಟರ್. ರಾಮಪ್ರಸಾದ ಒಂದು ಸಾಲು ಬರೆದು ಪೆನ್ನಿನ ಮುಚ್ಚಳ ಹಾಕಿ ತಿರುಗಿಸಿದರು. ಯೋಚಿಸಿದರು. ಮುಚ್ಚಳ ತೆಗೆದು ಇನ್ನೊಂದು ಸಾಲು ಬರೆದರು. ಮತ್ತೆ ಮುಚ್ಚಿದರು. ಒಂದು ಪುಟ ಮುಗಿಯುವ ಹೊತ್ತಿಗೆ ಅವರು ಹದಿನಾಲ್ಕು ಸಲ ಮುಚ್ಚಿದ್ದನ್ನು ಹನುಮಂತರಾಯಪ್ಪ ಎಣಿಸಿದ್ದ.

* * *

ಸಂಜೆ ಮಸಣದಲ್ಲಿ ಎಂಟು ಸಾವಿರ ಜನ ಸೇರಿದ್ದರು. ಭದ್ರಮ್ಮನನ್ನು ಲಾರಿಯ ಮೇಲೆ ನಿಲ್ಲಿಸಿದರು. ಅಷ್ಟೇ ಸಾಕಾಯಿತು. ಯೂನಿಯನ್ ನಾಯಕರು ಕಣ್ಣೊರೆಸಿಕೊಂಡು, ಅರ್ಧವಲ್ಲ, ಪೂರ್ತಿ ಒಂದು ದಿನದ ಸಂಬಳ ಕೊಡುತ್ತೇವೆಂದು ಸಾರಿದರು.

ಸೋಮವಾರ ಬೆಳಿಗ್ಗೆ ನಂಜಪ್ಪ ಠಾಣೆಗೆ ಗೊಣಗಿಕೊಂಡೇ ಬಂದ.

"ನಮ್ಮ ಬಾಮೈದಂಗೆ ಈ ತಿಂಗಳ ಸಂಬಳದಲ್ಲೇ ಹಿಡೀತಾರಂತೆ ಸಾರ್. ಅವನ ಮಗೂಗೆ ಸ್ಕೂಲ್ ಫೀಸು ಬೇರೆ."

"ಕೊಡ್ಲಿ ಬಿಡು."

"ಕೊಡ್ಲಿ ಸಾರ್, ಅದಕ್ಕಲ್ಲ. ಹೋದ ತಿಂಗಳು ಇವನ ಸೊಸೈಟಿ ಸಾಲದ ಚೀಟಿ ಇಪ್ಪತ್ತೊಂದನೇ ತಾರೀಖು ತಗೊಂಡು ಹೋದರೆ ಟೈಮ್ ಆಫೀಸಿನವರು ಮುಖದ ಮೇಲೆ ಎಸೆದ್ರು. ಸಂಬಳ ಕಡಿತದ ಕಾಗದ ಏನಿದ್ರೂ ಇಪ್ಪತ್ತರೊಳಗೆ ಬರಬೇಕು, ಇಲ್ಲಾಂದ್ರೆ ಮುಂದಿನ ತಿಂಗಳು. ಇಪ್ಪತ್ತು ಭಾನುವಾರ ಬಿದ್ರೆ ಹತ್ತೊಂಬತ್ತಕ್ಕೇ ಕೊನೆ. ಇವತ್ತು ಮೇ ಇಪ್ಪತ್ತೊಂದು. ಟ್ರಸ್ಟಿನವರಿಗೆ ಮಾತ್ರ ಹೆಂಗೆ?"

ಹನುಮಂತರಾಯಪ್ಪ ಕಾಫಿ ಲೋಟ ಕೆಳಗಿಟ್ಟ. ಜೀಪು ತೆಗೆಯಲು ಹೇಳಿದ.

ಬಾಮೈದನ ಕಾರ್ಖಾನೆಯಲ್ಲಿ ಹಾಜರಿ, ಸಂಬಳದ ಲೆಕ್ಕ ಇಡುವ ಟೈಮ್ ಆಫೀಸಿನ ಗುಮಾಸ್ತ ನರಸಿಂಹಯ್ಯ ದೇವರು ಬಂದರೂ ಮೊಹರು ಒತ್ತಿ ಒಳಗೆ ಬಿಡುವ ಆಸಾಮಿ. ಫೈಲು ತೆಗೆದು ತೋರಿಸಿದ.

"ಟ್ರಸ್ಟಿನ ಕಾಗದ ಟೈಮಿಗೇ ಬಂದಿದೆ ಸಾರ್. ಹತ್ತೊಂಬತ್ತು, ಶನಿವಾರ, ಬೆಳಿಗ್ಗೆ ಹತ್ತೂಕಾಲು. ಪ್ಲಾನಿಂಗ್ ಸಾಹೇಬ್ರೇ ಕೈಯಾರೆ ಕೊಟ್ರು. ಮೊಹರು ಇಲ್ಲಿದೆ."

ಕಾಗದದಲ್ಲಿ ಟೈಪಾಗಿತ್ತು: ಪ್ರತಿ ಕಾರ್ಮಿಕನಿಂದ ಒಂದು ದಿನದ ಸಂಬಳ. ಕೆಳಗೆ ಕೈಬರಹದಲ್ಲಿ ಒಂದು ಸಾಲು: ಯೂನಿಯನ್ನಿನ ಒಪ್ಪಿಗೆ ಪತ್ರ ಸೋಮವಾರ ತಲುಪುತ್ತದೆ.

ಸುತ್ತಲಿನ ಹನ್ನೆರಡು ಕಾರ್ಖಾನೆಗಳಲ್ಲಿ ಕೇಳಿದ. ಹನ್ನೆರಡರಲ್ಲೂ ಶನಿವಾರದ್ದೇ ಮೊಹರು. ಮಧ್ಯಾಹ್ನ ಶವಪರೀಕ್ಷೆಯ ವರದಿ ಬಂತು. ಹೊಟ್ಟೆಯಲ್ಲಿ ಮಾತ್ರೆಯ ಜೊತೆ ಹಾಲು.

* * *

ಟ್ರಸ್ಟ್ ಆಫೀಸಿಗೆ ಅವನು ವೆಂಕಟೇಶಪ್ಪನನ್ನೂ ಭದ್ರಮ್ಮನನ್ನೂ ಕರೆಸಿದ್ದ. ರಾಮಪ್ರಸಾದ ಚಾರ್ಟಿನ ಕೆಳಗೆ ಕೂತು ರಸೀದಿ ಜೋಡಿಸುತ್ತಿದ್ದರು.

"ಸಾರ್, ಶುಕ್ರವಾರ ಯೂನಿಯನ್‌ನವರು ಒಲ್ಲೆ ಅಂದ್ರು," ಎಂದ ಹನುಮಂತರಾಯಪ್ಪ. "ಭಾನುವಾರ ಸಂಜೆ ಹೆಣದ ಮುಂದೆ ಹೂಂ ಅಂದ್ರು. ನೀವು ಶನಿವಾರ ಬೆಳಿಗ್ಗೇನೇ ಒಂದು ದಿನದ ಸಂಬಳ ಅಂತ ಹನ್ನೆರಡು ಕಾರ್ಖಾನೆಗೆ ಕಾಗದ ಕೊಟ್ಟಿದ್ದೀರಿ. ಸೋಮವಾರ ಒಪ್ಪಿಗೆ ಬರುತ್ತೆ ಅಂತಾನೂ ಬರೆದಿದ್ದೀರಿ. ಅವರ ಮನಸ್ಸು ಬದಲಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಒಂದು ಎಸ್ಟಿಮೇಟು."

"ಶನಿವಾರ ಬೆಳಿಗ್ಗೆ ಅಂಜಿನಮ್ಮ ಬದುಕಿದ್ಲು. ಐದಕ್ಕೇ ಮನೆಗೆ ಹೋದೆ ಅಂದ್ರಿ. ಆರೂವರೆಗೆ ನೀವು ಹಾಲು ಕಾಯಿಸ್ತಿದ್ದದ್ದನ್ನ ಬೈರಪ್ಪ ನೋಡಿದ್ದಾನೆ. ಅವನು ಅದನ್ನ ನಿನ್ನೆಯೇ ಹೇಳಿದ. ಹೊಟ್ಟೇಲಿ ಹಾಲಿದೆ ಅಂತ ನನಗೆ ಗೊತ್ತಾಗಿದ್ದು ಇವತ್ತು. ಅವಳಿಗೆ ಲೋಟ ಹಿಡಿಯೋಕೆ ಆಗಲ್ಲ. ಯಾರಾದ್ರೂ ಕುಡಿಸಬೇಕು. ತಾಯೀನ ನೀವು ಊರಿನ ಆ ತುದಿಗೆ ಕಳಿಸಿದ್ರಿ. ಕುಡಿಸಿದವರು ಖಾಲಿ ಸೀಸೆ ಪಕ್ಕದಲ್ಲಿಟ್ಟರು. ಇಡೋ ಮುಂಚೆ ಅಭ್ಯಾಸಬಲದಿಂದ ಮುಚ್ಚಳ ಬಿಗಿ ಮಾಡಿದರು. ಈಗ ನಿಮ್ಮ ಕೈ ನೋಡ್ಕೊಳ್ಳಿ."

ರಾಮಪ್ರಸಾದ ನೋಡಿಕೊಂಡರು. ಬೆರಳುಗಳು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದವು. ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

"ಕಾಗದಾನ ಸಾವಾದ ಮೇಲೆ ಕೊಟ್ಟಿದ್ರೆ ನನಗೆ ಏನೂ ಸಿಕ್ತಿರಲಿಲ್ಲ," ಎಂದ ಇನ್‌ಸ್ಪೆಕ್ಟರ್.

"ಮುಂದಿನ ತಿಂಗಳಿಗೆ ಹೋಗ್ತಿತ್ತು," ಎಂದರು ರಾಮಪ್ರಸಾದ. ದನಿಯಲ್ಲಿ ಬೇಸರವಿತ್ತು, ತಿಳಿಯದವನಿಗೆ ಹೇಳಿಕೊಡುವವರ ಬೇಸರ. "ಜೂನ್ ಹತ್ತು ತಪ್ಪಿಹೋಗ್ತಿತ್ತು. ಮೂವತ್ತು ವರ್ಷದಲ್ಲಿ ನಾನು ಒಂದು ತಾರೀಖೂ ತಪ್ಪಿಸಿದವನಲ್ಲ."

ಮೇಜಿನ ಮೇಲಿದ್ದ ರಿಜಿಸ್ಟರನ್ನು ತಾವೇ ತೆರೆದು ಮುಂದಿಟ್ಟರು. "ನೋಡಿ. ಮಾರ್ಚ್ ಎರಡನೇ ವಾರ ಆಸ್ಪತ್ರೇಲಿ ಒಬ್ಬ ವೆಲ್ಡರ್ ಸತ್ತ. ಆ ವಾರ ಕಲೆಕ್ಷನ್ ಮೂರು ಪಟ್ಟು. ಇವಳ ಕೈ ಸರಿಹೋಗಿದ್ದರೆ ಸೊನ್ನೆ. ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹಾಕು ಅಂತ ಕೇಳಿದೆ. ಒಪ್ಪಲಿಲ್ಲ. ಆಸ್ಪತ್ರೆ ಆದರೆ ವರ್ಷಕ್ಕೆ ಮುನ್ನೂರು ಜನ ಉಳೀತಾರೆ. ಒಬ್ಬಳಿಗೆ ಮುನ್ನೂರು."

ವೆಂಕಟೇಶಪ್ಪ ಎದ್ದು ಹೊರಗೆ ಹೋದ. ಹನುಮಂತರಾಯಪ್ಪನ ಕೈ ಮೇಲೆದ್ದಿತ್ತು. ಭದ್ರಮ್ಮ ನಡುವೆ ಬಂದದ್ದರಿಂದ ಇಳಿಸಿದ.

"ಕುಡಿಯೋವಾಗ ಏನಂದ್ಲು ಸ್ವಾಮಿ, ನನ್ ಮಗ್ಳು?" ಎಂದು ಕೇಳಿದಳು.

ರಾಮಪ್ರಸಾದ ಮೊದಲ ಸಲ ತಡವರಿಸಿದರು.

"ಸಕ್ಕರೆ ಜಾಸ್ತಿ ಆಯ್ತು ಅಂದಳು."

* * *

ಜೂನ್ ಹತ್ತಕ್ಕೆ ಕೂಡಿದ ದಾನದ ಮೊತ್ತ ತೋರಿಸಲು ಪೀಣ್ಯದ ದಾರಿಯಲ್ಲಿ ನಿಲ್ಲಿಸಿದ್ದ ಬೋರ್ಡಿನ ಕೆಂಪು ಪಟ್ಟಿ ಇಪ್ಪತ್ತೈದು ಲಕ್ಷ ಮುಟ್ಟಿತು. ಕೊಲೆಯ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಕೊಡುಗೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ವೆಂಕಟೇಶಪ್ಪ ಮಾತಿಗೆ ತಪ್ಪದೆ ಚೆಕ್ ಬರೆದ.

ಮಾರನೆಯ ದಿನ ಭದ್ರಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಠಾಣೆಗೆ ಬಂದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಚಿತ್ರ ಕಿತ್ತ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಏನಂತ ಬರ್ದಿದೀರ? ಓದಿ."

ಹನುಮಂತರಾಯಪ್ಪ ಓದಿದ. ಕೊಲೆ ಎಂಬ ಮಾತು ಬಂದ ಕಡೆ ಅವಳು ಇನ್ನೊಂದು ಸಲ ಓದಿಸಿದಳು. ತಲೆಯಾಡಿಸಿದಳು.

"ಆ ದುಡ್ಡು ಜನಕ್ಕೆ ವಾಪಸ್ ಕೊಡ್ತಾರಾ?"

"ಇಲ್ಲಮ್ಮ. ಆಸ್ಪತ್ರೆ ಕಟ್ತಾರೆ. ನಿಮ್ಮ ಮಗಳ ಹೆಸರು ಇಡ್ತಾರಂತೆ."

ಭದ್ರಮ್ಮ ಗೋಡೆಯ ಬೆಳ್ಳನೆಯ ಜಾಗದ ಕಡೆ ನೋಡಿದಳು.

"ಅಂಗಾದ್ರೆ ಆವಯ್ಯ ಆಕಿದ್ ಲೆಕ್ಕ ಸರಿಯಾಗೇ ಬಂತು."

ಹನುಮಂತರಾಯಪ್ಪ ಹೇಳಿಕೆಯ ಕಾಗದವನ್ನು ಮೇಜಿನ ಮೇಲೆ ಇಟ್ಟ. ಶಾಯಿಯ ಪ್ಯಾಡನ್ನು ಅವಳ ಕಡೆಗೆ ಸರಿಸಿದ. ಅವಳು ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಒತ್ತಿದಳು, ಎತ್ತಿ ನೋಡಿಕೊಂಡಳು. ಗೆರೆಗಳು ಒಂದೊಂದೂ ಸ್ಪಷ್ಟವಾಗಿ ಮೂಡಿದ್ದವು.