ಚಿಕ್ಕವಳಾಗಿಬಿಟ್ಟ ಆರ್ವಿಲ್ಲಾ

“ಅಯ್ಯೋ, ಇವಳು ಚಿಕ್ಕವಳಾಗಿಬಿಟ್ಟಿದ್ದಾಳೆ!”

ಮಾತು ಬಾಯಿಂದ ಹೊರಬಿದ್ದ ಮೇಲೆ ಆರ್ವಿ ನಾಲಿಗೆ ಕಚ್ಚಿಕೊಂಡಳು. ಪುಣ್ಯಕ್ಕೆ ಪಕ್ಕದ ಕೋಣೆಯಲ್ಲಿ ಅಜ್ಜಿಯ ಹೊಲಿಗೆ ಮೆಷಿನ್ನು ಗರಗರ ಎನ್ನುತ್ತಿತ್ತು.

“ಏನಂದೆ?” ಅಜ್ಜಿ ಅಲ್ಲಿಂದಲೇ ಕೂಗಿದರು.

“ಏನಿಲ್ಲ ಅಜ್ಜಿ!”

ಅಡುಗೆಮನೆಯ ಮೇಜಿನ ಮೇಲೆ ಎರಡು ಹಳೆಯ ಫೋಟೋಗಳಿದ್ದವು. ಒಂದನ್ನು ಆರ್ವಿ ಹುಟ್ಟಿದಾಗಿನಿಂದ ನೋಡಿದ್ದಾಳೆ. ಅದು ಯಾವಾಗಲೂ ಅಜ್ಜಿಯ ಮನೆಯ ಗೋಡೆಯ ಮೇಲೆ ಇರುವಂಥದ್ದು. 1864ರಲ್ಲಿ ಅಜ್ಜಿಯ ಹಿರಿಯರಾದ ಹ್ಯಾಕೆಟ್ ಮನೆಯವರು ಎತ್ತಿನ ಬಂಡಿ ಕಟ್ಟಿಕೊಂಡು ಅಮೆರಿಕದ ಅಯೋವಾದಿಂದ ಪಶ್ಚಿಮಕ್ಕೆ ಹೊರಡುವ ಮೊದಲು ತೆಗೆಸಿಕೊಂಡ ಫೋಟೋ. ಅಪ್ಪ ಅಬ್ನರ್, ಅಮ್ಮ ಲೊವೀನಾ, ಇಬ್ಬರು ಗಂಡುಹುಡುಗರು. ಅಪ್ಪನ ಮಂಡಿಗೆ ಒರಗಿ ನಿಂತ ಪಟ್ಟೆ ಫ್ರಾಕಿನ ಹುಡುಗಿ. ಹಿಂದೆ ಮಸಿಯಲ್ಲಿ ಬರೆದಿದೆ: ಆರ್ವಿಲ್ಲಾ, ಮೂರು ವರ್ಷ.

ಎರಡನೆಯ ಫೋಟೋ ಇವತ್ತು ಸಿಕ್ಕಿದ್ದು, ಬಿಸ್ಕತ್ತಿನ ಡಬ್ಬಿಯ ತಳದಲ್ಲಿ. ಅದೇ ಮನೆಯವರು ಒರೆಗಾನ್‌ಗೆ, ಅಂದರೆ ಈಗ ಆರ್ವಿ ಇರುವ ಇದೇ ಕಣಿವೆಗೆ, ಬಂದು ನೆಲೆ ನಿಂತ ಮೇಲೆ ತೆಗೆಸಿದ್ದು. ಹಿಂದೆ ಬರೆದಿದೆ: 1867. ಆರ್ವಿಲ್ಲಾ, ಒಂದು ವರ್ಷ. ಹುಡುಗರು ಎತ್ತರವಾಗಿ ಪ್ಯಾಂಟು ಮೊಳಕಾಲಿನ ಕಡೆಗೆ ಓಡಿದೆ. ಅಪ್ಪನ ಗಡ್ಡ ಅರ್ಧ ಬೆಳ್ಳಗಾಗಿದೆ. ಆರ್ವಿಲ್ಲಾ ಮಾತ್ರ ಅಮ್ಮನ ತೊಡೆಯ ಮೇಲೆ ಬಾಯಿಗೆ ಮುಷ್ಟಿ ಇಟ್ಟುಕೊಂಡು ಕೂತಿದ್ದಾಳೆ. ಒಂದು ವರ್ಷ, ಅಂತೆ!

ಮೂರು ವರ್ಷದವಳು ಇನ್ನೂ ಮೂರು ವರ್ಷ ಕಳೆದ ಮೇಲೆ ಒಂದು ವರ್ಷದವಳಾಗುವುದು ಹೇಗೆ? ಆರ್ವಿ ಲೆಕ್ಕದಲ್ಲಿ ಅಂಥ ಜಾಣೆಯೇನಲ್ಲ. ಆದರೆ ಇಷ್ಟು ಲೆಕ್ಕ ಬೆಕ್ಕಿಗೂ ಬರುತ್ತದೆ.

“ಆರ್ವಿಲ್ಲಾ, ಬಾ ಇಲ್ಲಿ. ಅಳತೆ ನೋಡ್ಬೇಕು,” ಅಜ್ಜಿ ಕರೆದರು. ಎಲ್ಲರೂ ಆರ್ವಿ ಎಂದರೂ ಅಜ್ಜಿ ಪೂರ್ತಿ ಹೆಸರು ಹಿಡಿದೇ ಕರೆಯುವುದು.

ಆರ್ವಿ ಎರಡನೆಯ ಫೋಟೋವನ್ನು ಸ್ವೆಟರಿನೊಳಗೆ ತೂರಿಸಿಕೊಂಡು ಹೋದಳು. ಅಜ್ಜಿಯ ಕೈಯಲ್ಲಿ ಹೊಸ ಪಟ್ಟೆ ಫ್ರಾಕು. ಶುಕ್ರವಾರ ಶಾಲೆಯಲ್ಲಿ ‘ಬಂಡಿ ಸಂಜೆ’. ನಾಲ್ಕನೇ ಕ್ಲಾಸಿನವರು ತಮ್ಮ ತಮ್ಮ ಮನೆಯ ಹಿರಿಯರ ವೇಷ ಹಾಕಿ, ಜಿಮ್ಮಿನ ನೆಲದ ಮೇಲೆ ಎಳೆದ ಬಿಳಿ ಗೆರೆ ದಾಟಿ ‘ಒರೆಗಾನ್‌ಗೆ ಬರಬೇಕು’. ಆರ್ವಿ ಆಗಬೇಕಾದದ್ದು ಆರ್ವಿಲ್ಲಾ. ಅಜ್ಜಿಗೆ ಅದೊಂದು ಹಬ್ಬ. ಚರ್ಚಿನಲ್ಲಿ, ಅಂಗಡಿಯಲ್ಲಿ, ಪೋಸ್ಟಾಫೀಸಿನಲ್ಲಿ ಎಲ್ಲ ಕಡೆ ಹೇಳಿಕೊಂಡು ಬಂದಿದ್ದರು.

“ಮೂರು ವರ್ಷದ ಮಗು ಕಣೆ! ಬೆಟ್ಟ ಹತ್ತಿ, ಹೊಳೆ ದಾಟಿ, ಆರು ತಿಂಗಳು ಬಂಡೀಲಿ ಬಂತು. ಆ ಗಟ್ಟಿಗಿತ್ತಿ ಹೆಸರೇ ನಿಂಗಿಟ್ಟಿರೋದು,” ಎಂದು ಅಜ್ಜಿ ಫ್ರಾಕಿಗೆ ಗುಂಡುಸೂಜಿ ಚುಚ್ಚಿದರು. “ಏನೇ ಇದು, ಹೊಟ್ಟೆ ಹಿಡ್ಕೊಂಡಿದೀಯಾ? ನೋವಾ?”

“ಸ್ವಲ್ಪ,” ಎಂದಳು ಆರ್ವಿ. ಫೋಟೋ ಜಾರದ ಹಾಗೆ ಇನ್ನಷ್ಟು ಒತ್ತಿ ಹಿಡಿದಳು.

ಮರುದಿನ ಕ್ಲಾಸಿನ ಕಂಪ್ಯೂಟರಿನಲ್ಲಿ ಇಬಾರ್ರಾ ಮಿಸ್ ಹಳೆಯ ಜನಗಣತಿಯ ಹಾಳೆಗಳನ್ನು ತೆಗೆದುಕೊಟ್ಟರು. ಫೋಟೋದ ಹಿಂದೆ ಬರೆದವರೇ ತಪ್ಪು ಬರೆದಿರಲಿ ದೇವರೇ ಎಂದುಕೊಳ್ಳುತ್ತ ಆರ್ವಿ ಹುಡುಕಿದಳು. 1870. ಹ್ಯಾಕೆಟ್. ಆರ್ವಿಲ್ಲಾ, ವಯಸ್ಸು ನಾಲ್ಕು. ಹುಟ್ಟಿದ್ದು ಒರೆಗಾನ್‌ನಲ್ಲಿ.

“ಮಿಸ್, ಇವರು ವಯಸ್ಸು ತಪ್ಪು ಬರೀತಿದ್ರಾ?”

“ಬೇಕಾದಷ್ಟು ಸಲ ಬರೆದಿದಾರೆ. ಯಾಕಮ್ಮ?”

“ಸುಮ್ನೆ ಕೇಳ್ದೆ.” ವಯಸ್ಸು ತಪ್ಪಾಗಬಹುದು. ಹುಟ್ಟಿದ ಊರೂ ತಪ್ಪೇ? ಎರಡು ಫೋಟೋಗಳೂ ತಪ್ಪೇ?

ಪಕ್ಕದಲ್ಲಿ ಕೂತಿದ್ದ ವೇಡ್ ಕತ್ತು ಉದ್ದ ಮಾಡಿ ಸ್ಕ್ರೀನು ನೋಡಿದ. “ಒರೆಗಾನ್‌ನಲ್ಲೇ ಹುಟ್ಟಿದ್ಲಾ? ಲೇ, ನಿಮ್ಮಜ್ಜಿ ಊರೆಲ್ಲಾ ಡಂಗುರ ಹೊಡೆದಿದಾರಲ್ಲೇ, ಬಂಡೀಲಿ ಬಂದ್ಲು ಅಂತ! ಬಂಡೀನೇ ನೋಡಿಲ್ಲ ನಿಮ್ಮ ಆರ್ವಿಲ್ಲಾ!”

“ಬಾಯ್ಮುಚ್ಚು,” ಎಂದಳು ಆರ್ವಿ. ಕಿವಿ ಬಿಸಿಯಾಗಿತ್ತು.

“ಶುಕ್ರವಾರ ಎಲ್ಲರ ಮುಂದೆ ಕೇಳ್ತೀನಿ ನೋಡ್ತಿರು.”

ಮಧ್ಯಾಹ್ನದ ಊಟದ ಪಿಜ್ಜಾವನ್ನು ಆರ್ವಿ ತಟ್ಟೆಯಲ್ಲೇ ಬಿಟ್ಟಳು. ಅಜ್ಜಿಗೆ ಹೇಳಿದರೆ ಅಜ್ಜಿಯ ಮುಖ ಹೇಗಾಗುತ್ತದೋ. ಹೇಳದಿದ್ದರೆ ಊರವರ ಎದುರು ವೇಡ್ ಹೇಳುತ್ತಾನೆ. ಬಿಸಿ ತುಪ್ಪದ ಗತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅವಳು ಎಲ್ಲವನ್ನೂ ಜೋಸಿಯ ಹತ್ತಿರ ಹೇಳಿಕೊಂಡಳು. ಜೋಸಿಯ ಮನೆಯವರು ಯುಮಟಿಲ್ಲಾ ಜನ, ಈ ಸೀಮೆಯ ಮೂಲನಿವಾಸಿಗಳು. “ನಮ್ಮೋರು ಎಲ್ಲಿಂದ್ಲೂ ಬರ್ಲಿಲ್ಲ ಮಿಸ್, ಮೊದಲಿಂದ್ಲೂ ಇಲ್ಲೇ ಇದ್ರು. ನಾನು ಗೆರೆ ದಾಟಿ ಎಲ್ಲಿಗೆ ಹೋಗ್ಲಿ?” ಎಂದು ಹೋದ ವಾರ ಮಿಸ್ಸನ್ನೇ ತಬ್ಬಿಬ್ಬು ಮಾಡಿದ್ದಳು. ಅದಕ್ಕೆ ಮಿಸ್ ಅವಳನ್ನು ಗೆರೆಯ ಈ ಕಡೆ, ಒರೆಗಾನ್ ಕಡೆ, ನಿಲ್ಲಿಸಿದ್ದರು. ಬಂದವರನ್ನೆಲ್ಲ ‘ಯಾರು ನೀವು? ಎಷ್ಟು ಜನ ಬಂದಿದೀರಿ?’ ಎಂದು ಕೇಳುವುದು ಅವಳ ಕೆಲಸ.

“ಗೋರಿ ಕಲ್ಲಿನ ಮೇಲೆ ಹುಟ್ಟಿದ ವರ್ಷ ಇರುತ್ತಲ್ವಾ? ನಡಿ, ನೋಡೋಣ,” ಎಂದಳು ಜೋಸಿ.

ಶಾಲೆ ಬಿಟ್ಟ ಮೇಲೆ ಇಬ್ಬರೂ ದಿಬ್ಬದ ಮೇಲಿನ ಹಳೆಯ ಸ್ಮಶಾನಕ್ಕೆ ಓಡಿದರು. ಗಾಳಿ ಚಳಿಚಳಿ ಬೀಸುತ್ತಿತ್ತು. ಅಜ್ಜಿ ಹಿಂದೊಮ್ಮೆ ತೋರಿಸಿದ್ದ ಆರ್ವಿಲ್ಲಾಳ ಕಲ್ಲು ಸಿಕ್ಕಿತು. ಆದರೆ ಅದರ ಮೇಲೆ ಇದ್ದದ್ದು ‘ಅಮ್ಮ’ ಎಂಬ ಒಂದೇ ಮಾತು. ಆ ಕಾಲದವರು ಹಾಗೇ, ಮಕ್ಕಳಿಗೆ ಗೊತ್ತಿದ್ದರೆ ಸಾಕು ಎಂದುಕೊಳ್ಳುವವರು.

ಆರ್ವಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಜೋಸಿ ಆಚೆ ಸಾಲಿನಿಂದ ನಕ್ಕಳು. “ಏ, ಇಲ್ನೋಡೇ! ಒಂದೇ ಮನೇಲಿ ಇಬ್ಬರು ಹ್ಯಾರಿಯೆಟ್! ಊಟಕ್ಕೆ ಕರೆದ್ರೆ ಇಬ್ಬರೂ ಬರ್ತಿದ್ರೇನೋ!”

ಒಂದೇ ಕಲ್ಲಿನ ಮೇಲೆ ಬೇರೆ ಯಾರದೋ ಮನೆಯ ಮಕ್ಕಳ ಹೆಸರುಗಳು. ಆರ್ವಿ ಬಗ್ಗಿ ಪಾಚಿ ಒರೆಸಿ ವರ್ಷಗಳನ್ನು ಓದಿದಳು. ಮೊದಲ ಹ್ಯಾರಿಯೆಟ್ ಎರಡು ವರ್ಷಕ್ಕೇ ಹೋಗಿದ್ದಳು. ಎರಡನೆಯ ಹ್ಯಾರಿಯೆಟ್ ಹುಟ್ಟಿದ್ದು ಅದರ ಮುಂದಿನ ವರ್ಷ.

ಜೋಸಿಯ ನಗು ಅಲ್ಲಿಗೇ ನಿಂತಿತು. “ಇಬ್ಬರೂ ಒಟ್ಟಿಗೆ ಇರ್ಲೇ ಇಲ್ಲ,” ಎಂದಳು ಮೆಲ್ಲಗೆ.

ಆರ್ವಿ ಸ್ವೆಟರಿನ ಮೇಲಿನಿಂದಲೇ ಫೋಟೋ ಮುಟ್ಟಿ ನೋಡಿಕೊಂಡಳು. ಆರ್ವಿಲ್ಲಾ ಚಿಕ್ಕವಳಾಗಿರಲಿಲ್ಲ. ತೊಡೆಯ ಮೇಲಿನ ಮಗು ಬೇರೆ ಆರ್ವಿಲ್ಲಾ. ಹಾಗಾದರೆ ಪಟ್ಟೆ ಫ್ರಾಕಿನವಳು ಎಲ್ಲಿ?

ಆ ಸಂಜೆ ಅಜ್ಜಿ ಫ್ರಾಕಿಗೆ ಕೊನೆಯ ಗುಂಡಿ ಹೊಲಿಯುತ್ತಿದ್ದರು.

“ಅಜ್ಜಿ, ನಂಗೆ ಈ ಫ್ರಾಕು ಬೇಡ.”

“ಬೇಡ್ವಾ? ಕಣ್ಣು ಕಿತ್ಕೊಂಡು ಹೊಲಿದಿದೀನಿ, ಈಗ ಬೇಡ ಅಂತೀಯಾ?”

ಆರ್ವಿ ಎರಡೂ ಫೋಟೋಗಳನ್ನು ಅಜ್ಜಿಯ ಮುಂದೆ ಇಟ್ಟು, ಜನಗಣತಿ, ಹ್ಯಾರಿಯೆಟ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಜ್ಜಿಯ ಮುಖ ಬಿಗಿಯಿತು. “ಯಾರೋ ತಪ್ಪು ಬರೆದಿರ್ತಾರೆ.”

“ಫೋಟೋದಲ್ಲಿ ಮಗೂನೇ ಇದೆಯಲ್ಲ ಅಜ್ಜಿ.”

“ನನ್ನಮ್ಮ ಹೇಳಿದ್ದು ಸುಳ್ಳಾ? ಒಳ್ಳೆ ಗುಂಡುಕಲ್ಲಿನ ಹಾಗಿದ್ದ ಮಗೂನ ಸಾಯಿಸ್ಲೇಬೇಕು ಅಂತ ಯಾಕೆ ಹಠ ನಿಂಗೆ?”

“ನಾನು ಸಾಯಿಸ್ಲಿಲ್ಲ!” ಆರ್ವಿ ಜೋರಾಗಿ ಅತ್ತುಬಿಟ್ಟಳು. “ನಂಗೂ ಅವಳು ಬರ್ಬೇಕಿತ್ತು!”

ಅಜ್ಜಿ ಎದ್ದು ಹೋಗಿ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿದರು. ವಾಪಸು ಬಂದು ಕನ್ನಡಕ ಹಾಕಿಕೊಂಡು ಎರಡನೆಯ ಫೋಟೋವನ್ನು ದೀಪದ ಹತ್ತಿರ ಹಿಡಿದರು. ಗಂಡ, ಗಂಡುಮಕ್ಕಳು ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ಲೊವೀನಾ ಮಾತ್ರ ತೊಡೆಯ ಮೇಲಿನ ಮಗುವನ್ನು ನೋಡುತ್ತಿದ್ದಳು.

“ಹಿಡ್ಕೊಂಡಿರೋದು ನೋಡು,” ಎಂದರು ಅಜ್ಜಿ. “ಎರಡು ಕೈಯಲ್ಲೂ. ಎಲ್ಲಿ ಜಾರಿಹೋಗುತ್ತೋ ಅನ್ನೋ ಹಾಗೆ.” ಆಮೇಲೆ ಆರ್ವಿಯ ಮೂಗು ಒರೆಸಿದರು. “ನಿನ್ನ ಬೈಬಾರದಿತ್ತು ಮರಿ. ಹೊಟ್ಟೆ ಉರಿದುಹೋಯ್ತು, ಅದಕ್ಕೆ.”

“ಮೊದಲನೇ ಆರ್ವಿಲ್ಲಾನ ಎಲ್ಲಿ ಮಣ್ಣು ಮಾಡಿದ್ರು ಅಜ್ಜಿ?”

“ದಾರೀಲೇ ಎಲ್ಲೋ ಇರ್ಬೇಕು. ತೋಳಗೀಳ ಕೆದಕಬಾರದು ಅಂತ ಮಣ್ಣು ಮುಚ್ಚಿ, ಅದರ ಮೇಲೇ ಬಂಡಿಗಳನ್ನ ಹಾಯಿಸ್ತಿದ್ರಂತೆ ಆಗ. ಗುರುತು ಉಳೀತಿರ್ಲಿಲ್ಲ.”

ಹಿಂದಿನ ಬಂಡಿಯಲ್ಲಿ ಕೂತ ಲೊವೀನಾ ಅದನ್ನು ನೋಡಿರಬಹುದೇ? ಆರ್ವಿಗೆ ಕೇಳಲು ಧೈರ್ಯ ಬರಲಿಲ್ಲ. “ಮತ್ತೆ ಅದೇ ಹೆಸರು ಯಾಕಿಟ್ಲು? ಕೂಗಿದಾಗೆಲ್ಲ ಬೇಜಾರಾಗಲ್ವಾ?” ಎಂದಷ್ಟೇ ಕೇಳಿದಳು.

“ನಂಗೊತ್ತಿಲ್ಲ ಕಣೆ,” ಎಂದರು ಅಜ್ಜಿ.

ಶುಕ್ರವಾರ ಜಿಮ್ಮು ತುಂಬಿತ್ತು. ಆರ್ವಿ ಅಜ್ಜಿಯ ಕಂದು ಲಂಗವನ್ನು ಸೊಂಟದ ಹತ್ತಿರ ಮೂರು ಸುತ್ತು ಮಡಚಿ ಉಟ್ಟು, ಮೇಲೆ ಶಾಲು ಹೊದ್ದಿದ್ದಳು. ಹಿಂದೆ ಹತ್ತಿಯ ಗಡ್ಡ ಅಂಟಿಸಿಕೊಂಡ ವೇಡ್ ಪಿಸುಗುಟ್ಟುತ್ತಲೇ ಇದ್ದ. “ಫ್ರಾಕೆಲ್ಲೇ? ಹೆದರ್ಕೊಂಡ್ಯಾ?”

“ಲೊವೀನಾ ಹ್ಯಾಕೆಟ್!” ಎಂದು ಮಿಸ್ ಕರೆದರು.

ಮೊದಲ ಸಾಲಿನಲ್ಲಿ ಅಜ್ಜಿ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು. ಆರ್ವಿ ನಡೆದು ಬಂದು ಗೆರೆಯ ಮುಂದೆ ನಿಂತಳು.

“ಯಾರು ನೀವು?” ಜೋಸಿ ಗತ್ತಿನಿಂದ ಕೇಳಿದಳು. “ಎಷ್ಟು ಜನ ಬಂದಿದೀರಿ?”

ಆರ್ವಿ ಶಾಲು ಎಳೆದುಕೊಂಡಳು. “ನಾನು ಲೊವೀನಾ. ನಾವು ಐದು ಜನ ಹೊರಟಿದ್ವಿ,” ಎಂದಳು. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿತು. “ನಾಲ್ಕು ಜನ ಬಂದ್ವಿ. ನನ್ನ ಮಗಳು ಆರ್ವಿಲ್ಲಾ ದಾರೀಲೇ ಉಳಿದ್ಲು.”

ಹಿಂದೆ ವೇಡ್ ಪಿಸುಗುಟ್ಟುವುದನ್ನು ನಿಲ್ಲಿಸಿದ. ‘ಒಳ್ಳೇದು, ಬನ್ನಿ’ ಎಂದು ಹೇಳಬೇಕಿದ್ದ ಜೋಸಿ ಅದನ್ನು ಮರೆತು, ಕೈ ಚಾಚಿ ಗೆಳತಿಯನ್ನು ಈ ಕಡೆಗೆ ಕರೆದುಕೊಂಡಳು. ಅಜ್ಜಿ ತಲೆ ಎತ್ತಿಕೊಂಡೇ ಅಳುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ನೂಕುನುಗ್ಗಲು. ಕೋಟು, ಟೋಪಿ, ಕಾರಿನ ದೀಪಗಳು. ಆರ್ವಿ ಮೆಟ್ಟಿಲ ಬಳಿ ಜೋಸಿಗೆ ಟಾಟಾ ಮಾಡುತ್ತಿದ್ದಳು.

“ಆರ್ವಿಲ್ಲಾ!” ಜನರ ಆಚೆಯಿಂದ ಅಜ್ಜಿ ಕೂಗಿದರು. “ಆರ್ವಿಲ್ಲಾ!”

ಆರ್ವಿಗೆ ಅದು ಚೆನ್ನಾಗಿ ಕೇಳಿಸಿತು. ಆದರೂ ಅವಳು ಓಡಲಿಲ್ಲ. ಕತ್ತಲಾಗುವ ಹೊತ್ತಿಗೆ ಲೊವೀನಾ ಬಾಗಿಲಲ್ಲಿ ನಿಂತು ಹೀಗೇ ಕೂಗಿರಬೇಕು. ಕೂಗಿದರೆ ಒಬ್ಬಳು ಓಡಿ ಬರುತ್ತಿದ್ದಳು. ಆ ಹೆಸರನ್ನು ದಿನಾ ಕೂಗಬಹುದಿತ್ತು.

ಅಜ್ಜಿ ಇನ್ನೊಂದು ಸಲ ಕರೆಯಲಿ ಎಂದು ಆರ್ವಿ ಸುಮ್ಮನೆ ನಿಂತಳು.

“ಆರ್ವಿಲ್ಲಾ! ಕಿವಿ ಕೇಳಲ್ವೇನೇ?”

“ಬಂದೆ ಅಜ್ಜಿ!” ಎಂದು ಕೂಗಿ, ಲಂಗ ಎತ್ತಿ ಹಿಡಿದು ಓಡಿದಳು.