ರಿಜಿಡ್‌ಗೊಂದು ಉದಾಹರಣೆ

ನಮ್ಮದು ಇಂಗ್ಲಿಷ್‌ ಪದಗಳನ್ನು ಗುಂಪುಗುಂಪಾಗಿ ಕನ್ನಡಕ್ಕೆ ತರುವ ನಿಘಂಟಿನ ಕಚೇರಿ. ಇಲ್ಲೊಂದು ಪದ್ಧತಿ ಇದೆ. ಅರ್ಥ ಕೊಟ್ಟರೆ ಸಾಲದು, ಎದುರು ಮೇಜಿನವರಿಗೆ ನಿಜವಾದ ಉದಾಹರಣೆ ಹೇಳಿ ಒಪ್ಪಿಸಬೇಕು. ನನ್ನ ಎದುರು ಮೇಜಿನವರನ್ನು ಎಲ್ಲರೂ ಬೆನ್ನ ಹಿಂದೆ ‘ಕಂಬ’ ಎನ್ನುತ್ತಾರೆ. ಹೆಸರಿಟ್ಟವಳು ನಾನೇ.

ಅವತ್ತು ಹಟದ ಪದಗಳ ಸರದಿ.

“ಸ್ಟಬರ್ನ್‌ಗೆ ಹಟಮಾರಿ,” ಎಂದೆ. “ಉದಾಹರಣೆ ನಮ್ಮಮ್ಮ. ಮಂಡಿ ನೋವಿದ್ರೂ ಮೆಟ್ಟಿಲೇ ಹತ್ತೋದು, ಲಿಫ್ಟ್ ಬೇಡ.”

“ಸರಿ. ಆಬ್‌ಸ್ಟಿನೇಟ್?”

“ಮೊಂಡ. ತಪ್ಪು ಅಂತ ಗೊತ್ತಿದ್ರೂ ಬಿಡದವನು. ಉದಾಹರಣೆ ನೀವು.”

ಕನ್ನಡಕದ ಮೇಲಿಂದ ನೋಡಿದರು. ತುಟಿಯ ಒಂದು ತುದಿ ಮಾತ್ರ ನಕ್ಕಿತು. ಆ ಅರ್ಧ ನಗುವಿಗೆ ನಾನು ಸೋತು ವರ್ಷವೇ ಆಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ಅವರೇ ಹೇಳಲಿ ಎಂಬ ಜಂಬ.

ಪಕ್ಕದ ಕಟ್ಟಡದಲ್ಲಿರುವ ನಮ್ಮದೇ ಮಕ್ಕಳ ಪುಸ್ತಕ ವಿಭಾಗಕ್ಕೆ ಹೋಗುತ್ತೀರಾ ಎಂದು ಸಂಪಾದಕರು ನನ್ನನ್ನು ಕೇಳಿದ್ದರು. ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಬೆಳಿಗ್ಗೆ ಇವರಿಗೆ ಹೇಳಿದಾಗ ‘ಹೋಗಬೇಡಿ’ ಎನ್ನುತ್ತಾರೆಂದುಕೊಂಡಿದ್ದೆ. “ಒಳ್ಳೆ ಅವಕಾಶ,” ಎಂದು ಚಹಾ ಕುಡಿದರು. ಮೈಯೆಲ್ಲ ಉರಿದುಹೋಗಿತ್ತು.

“ಅಡಮಂಟ್‌ಗೆ ಪಟ್ಟು ಬಿಡದವಳು,” ಎಂದೆ. “ಉದಾಹರಣೆ ನಾನು. ಯಾರು ಬೇಡ ಅಂದ್ರೂ ಹೋಗೇ ಹೋಗ್ತೀನಿ.”

“ಯಾರೂ ಬೇಡ ಅಂದಿಲ್ವಲ್ಲ.”

“ಅದೇ ನನ್ನ ಸಿಟ್ಟು!”

ಅವರು ಪೆನ್ನು ಕೆಳಗಿಟ್ಟರು. ಕಿವಿ ಕೆಂಪಾಗಿತ್ತು.

“ರಿಜಿಡ್ ಬೇರೆ,” ಎಂದರು ಮೆಲ್ಲಗೆ. “ಅದರಲ್ಲಿ ಹಟ ಇಲ್ಲ, ಬಗ್ಗೋಕೇ ಬರಲ್ಲ ಅಷ್ಟೆ. ಉದಾಹರಣೆ, ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರಬಾರದು ಅನ್ನೋ ನಮ್ಮ ಆಫೀಸ್ ರೂಲು.”

ಕೈಲಿದ್ದ ಪದಗಳ ಪಟ್ಟಿಯನ್ನು ಮೇಜಿಗೆ ಕುಕ್ಕಿದೆ.

“ಇದನ್ನ ಬೆಳಿಗ್ಗೆನೇ ಬೊಗಳೋಕೆ ಏನಾಗಿತ್ತು?” ಎಂದೆ.

“ಹೇಳಿದ್ರೆ ನನಗೋಸ್ಕರ ಹೋಗ್ತಿದ್ರಿ. ಈ ನಿಘಂಟಿನ ಕೆಲಸ ಅಂದ್ರೆ ನಿಮಗೆ ಪ್ರಾಣ. ಆಮೇಲೆ ಜೀವಮಾನವಿಡೀ ಅದನ್ನೇ ಎತ್ತಿ ಆಡ್ತಿದ್ರಿ.”

“ಈಗ ನಾನು ಹೋಗಲ್ಲ ಅಂದ್ರೆ?”

“ನಾನು ಹೋಗ್ತೀನಿ. ಮಕ್ಕಳ ಪುಸ್ತಕ ನನಗೂ ಓದೋಕೆ ಬರುತ್ತೆ.”

ಹೇಳಿದವರೇ ಎದ್ದು ಸಂಪಾದಕರ ಕೋಣೆಯತ್ತ ಹೊರಟರು. ಓಡಿಹೋಗಿ ತೋಳು ಹಿಡಿದೆ.

“ಕೂತ್ಕೊಳ್ಳಿ. ಹೋಗೋದು ನಾನು.”

“ನಾನು.”

“ಕೇಳಿದ್ದು ನನ್ನನ್ನ!”

ಗಲಾಟೆ ಕೇಳಿ ಸಂಪಾದಕರೇ ಹೊರಗೆ ಬಂದರು. “ಏನ್ರಪ್ಪಾ, ಯಾರು ಹೋಗ್ತಿರೋದು?”

“ನಾನು,” ಎಂದೆವು ಇಬ್ಬರೂ.

ಅವರು ಹಣೆ ಒತ್ತಿಕೊಂಡರು. ಕಂಬ ನನ್ನನ್ನೇ ನೋಡುತ್ತಿತ್ತು, ಉಸಿರು ಬಿಗಿಹಿಡಿದು. ಆಗ ಹೊಳೆಯಿತು, ಜಗಳದ ಭರದಲ್ಲಿ ನಾನು ಮದುವೆಗೆ ಹೂಂ ಎಂದೇ ಇಲ್ಲ. ಹಿಡಿದ ತೋಳನ್ನು ಬಿಡದೆ ಸಂಪಾದಕರತ್ತ ತಿರುಗಿದೆ.

“ನಾನು ಇವರನ್ನ ಮದುವೆ ಆಗ್ತಿದೀನಿ ಸರ್. ಯಾರನ್ನ ಕಳಿಸ್ತೀರೋ ಕಳಿಸಿ.”